ಸುಡದ ಮಡಕೆ

ಮೊದಲ ಮಳೆ ಬಿದ್ದ ಮರುದಿನ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ ಇದು ಶುರುವಾಯಿತು. ಕರೆಂಟು ತಯಾರಿಸುವ ಕಂಪನಿಯವರು ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಲ್ಲಿ ಕಲಸಿ, ನಮ್ಮ ಬೀದಿಯ ಮೇಲ್ಗಡೆ ದೊಡ್ಡ ಹೊಂಡದಲ್ಲಿ ತುಂಬಿಡುತ್ತಿದ್ದರು. ಆ ಹೊಂಡದ ಕಟ್ಟೆ ಒಡೆಯಿತು. ನನ್ನ ತಂಗಿ ಮನೆಯ ಹಿಂದಿನ ಗುಂಡಿಯಲ್ಲಿ ಮಣ್ಣು ತುಳಿಯುತ್ತಿದ್ದಳು. ನಾವು ಮಡಕೆ ಮಾಡುವವರು. ತಿಗರಿ ತಿರುಗಿಸುವುದು ನನ್ನದು, ಮಣ್ಣಿನ ತುಳಿತ ಅವಳದು. ನಾನು ಸೌದೆ ತರಲು ಹೋಗಿದ್ದೆ. ಬಂದು ನೋಡಿದರೆ ಗುಂಡಿಯೇ ಇಲ್ಲ. ಯಾರೋ ಸಾರಿಸಿ ಬಿಟ್ಟ ನೆಲದ ಹಾಗೆ ಬೂದಿ ಸಮವಾಗಿ ನಿಂತಿತ್ತು.

ಮಧ್ಯಾಹ್ನ ಕಂಪನಿಯ ಧಣಿ ಬಂದ. ಕಾಲಿಗೆ ಬಿಳಿ ಬೂಟು. ಕೆಸರು ತಾಕದ ಹಾಗೆ ಅವನಿಗೆ ಹಲಗೆ ಹಾಸಿಕೊಟ್ಟರು. ಹಲಗೆಯ ಮೇಲೆ ನಿಂತು ಬೀದಿಯನ್ನೆಲ್ಲ ನೋಡಿ, ಪಕ್ಕದವನಿಗೆ ಹೇಳಿದ: "ಬೂದಿ ತಾನೇ. ತೊಳೆದ್ರೆ ಹೋಗುತ್ತೆ."

ನಾವಿನ್ನೂ ತಂಗಿಯನ್ನು ಅಗೆದು ತೆಗೆದಿರಲಿಲ್ಲ. ನಾನು ಗುದ್ದಲಿ ಹಿಡಿದು ಅಲ್ಲೇ ನಿಂತಿದ್ದೆ. ಆ ಮಾತು ಕಿವಿಯಲ್ಲಿ ಕೂತಿತು, ಏಳಲಿಲ್ಲ.

ಅವತ್ತಿನಿಂದ ನಾನು ಮಡಕೆ ಸುಡುವ ಆವಿಗೆಗೆ ಬೆಂಕಿ ಹಚ್ಚಲಿಲ್ಲ. ತಂಗಿ ತುಳಿಯದ ಮಣ್ಣನ್ನು ಸುಡಲು ಮನಸ್ಸು ಬರಲಿಲ್ಲ. ಆವಿಗೆಯ ಬಾಯಲ್ಲಿ ಬೆಕ್ಕು ಮರಿ ಹಾಕಿತು. ಬೀದಿಯವರಿಗೆಲ್ಲ ಇದು ಗೊತ್ತಿತ್ತು. ನನ್ನ ಊಟ ತಂಗಿಯ ಮಗನ ಮನೆಯಲ್ಲಿ. ಅವನು ಅದೇ ಕಂಪನಿಯ ಬಾಯ್ಲರಿನಲ್ಲಿ ಕೆಲಸಕ್ಕಿದ್ದ. ತಾಯಿಯನ್ನು ನುಂಗಿದ ಕಂಪನಿಯೇ ಅವನ ಮಕ್ಕಳಿಗೆ ಅನ್ನ ಹಾಕುತ್ತಿತ್ತು. ಅವನು ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ, ನಾನೂ ಕೆದಕುತ್ತಿರಲಿಲ್ಲ.

ಸರ್ಕಾರದವರು ಬಂದು ಕಂಪನಿಗೆ ಬೀಗ ಜಡಿದರು. ಹೊಸ ಹೊಂಡ ಆಗುವವರೆಗೂ ಕರೆಂಟು ಮಾಡುವ ಹಾಗಿಲ್ಲ ಎಂದರು. ಮಾಡದಿದ್ದರೆ ಮಾರಾಟವಿಲ್ಲ, ಸಾಲದ ಬಡ್ಡಿ ಮಾತ್ರ ಹಗಲೂ ರಾತ್ರಿ ಓಡುತ್ತದೆ. ಕಟ್ಟೆಯಲ್ಲಿ ಬಿರುಕಿದ್ದದ್ದು ಮೊದಲೇ ಗೊತ್ತಿತ್ತಲ್ಲ ಎಂದು ವಿಮೆಯವರು ಕೈ ಎತ್ತಿದರು. ನನಗೆ ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಟೀ ಅಂಗಡಿಯವನು ಪೇಪರು ತೆಗೆದು, ನನಗೆ ಬೇಕಾದ ಒಂದೇ ಸಾಲು ಓದುತ್ತಿದ್ದ.

"ತಗೋ ಅಣ್ಣ. ಇವತ್ತೂ ಶೇರು ಇಳಿದಿದೆ. ಬದನೆಕಾಯಿ ಏರಿದೆ, ಧಣಿ ಇಳಿದಿದ್ದಾನೆ."

"ಇನ್ನೊಂದ್ಸಲ ಓದು."

"ಪೇಪರ್‌ನವರೇ ಒಂದ್ಸಲ ಬರೆದಿದಾರೆ, ನಾನು ಎಷ್ಟು ಸಲ ಓದ್ಲಿ? ಟೀ ಆರುತ್ತೆ, ಕುಡಿ."

ಆ ಟೀಗೆ ಸಕ್ಕರೆ ಬೇಕಿರಲಿಲ್ಲ.

ಆಮೇಲೆ ಬ್ಯಾಂಕಿನವರು ಒಂದು ಷರತ್ತು ಹಾಕಿದರು. ಹೊಸ ಹೊಂಡದ ತಳಕ್ಕೆ ನೀರು ಇಂಗದ ಜೇಡಿಮಣ್ಣು ಹಾಸಬೇಕು. ಆ ಮಣ್ಣು ಕೈಗೆ ಸಿಕ್ಕಿದೆ ಎಂದು ತಿಂಗಳ ಕೊನೆಯೊಳಗೆ ತೋರಿಸಿದರೆ ಮಾತ್ರ ಹೊಸ ಸಾಲ, ಇಲ್ಲವಾದರೆ ಹಳೆಯದನ್ನೂ ಕಕ್ಕಬೇಕು. ಅಂಥ ಮಣ್ಣು ಹತ್ತಿರದಲ್ಲಿ ಇದ್ದದ್ದು ನಮ್ಮಜ್ಜ ಬಿಟ್ಟುಹೋದ ದಿಬ್ಬದಲ್ಲಿ. ಬಿಳಿ ಬೂಟು ನಮ್ಮ ಮನೆ ಬಾಗಿಲಿಗೆ ಬಂತು.

"ಯಜಮಾನ್ರೇ, ಏನು ಕೇಳ್ತೀರೋ ಕೊಡ್ತೀನಿ. ಇಲ್ಲೊಂದು ಸಹಿ ಹಾಕಿ, ಸಾಕು."

ಹಲಗೆಯ ಮೇಲೆ ನಿಂತಾಗ ನನ್ನನ್ನು ನೋಡಿದ ನೆನಪು ಅವನಿಗೆ ಇರಲಿಲ್ಲ.

"ಸಹಿ ಆಮೇಲೆ ಸ್ವಾಮಿ," ಎಂದೆ. "ನಮ್ಮ ಮನೇಲಿ ಮಣ್ಣು ಮಾರೋಕೆ ಒಂದು ರೀತಿ ಇದೆ. ಮಾರೋ ಮಣ್ಣಲ್ಲೇ ಒಂದು ಮಡಕೆ ಮಾಡ್ತೀವಿ. ತಗೊಳ್ಳೋರ ಕೈಲಿಟ್ಟು ನೀರು ತುಂಬ್ತೀವಿ. ನೀರು ನಿಂತರೆ ಮಾತು ನಿಂತ ಹಾಗೆ. ಅಲ್ಲೀವರೆಗೆ ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ."

ಅವನು ನಕ್ಕ. "ಚೆನ್ನಾಗಿದೆ. ಬ್ಯಾಂಕಿನವರ ಮುಂದೇನೇ ಮಾಡೋಣ. ಫೋಟೋದವನನ್ನೂ ಕರೆಸ್ತೀನಿ."

ಮಡಕೆ ಮಾಡಿದೆ. ನೆರಳಲ್ಲಿ ಒಣಗಿಸಿ, ಕೆಮ್ಮಣ್ಣು ಬಳಿದು, ಗೋಲಿಕಲ್ಲಿನಿಂದ ಉಜ್ಜಿ ಹೊಳಪು ತಂದೆ. ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಬಿಳಿ ಬೂಟು ಕಾರಿನಲ್ಲಿ ಹಾದುಹೋಗುವಾಗಲೆಲ್ಲ ಗಾಜು ಇಳಿಸಿ ಅದನ್ನು ನೋಡುತ್ತಿದ್ದ. ಕೆಂಪಗಿತ್ತು, ಹೊಳೆಯುತ್ತಿತ್ತು. ಅದರ ಧೈರ್ಯದ ಮೇಲೆ ಬ್ಯಾಂಕಿಗೆ ಮಣ್ಣು ಸಿಕ್ಕಿತು ಎಂದು ಹೇಳಿದ. ದೂರದಿಂದ ಮಣ್ಣು ತರಿಸುತ್ತೇನೆಂದಿದ್ದ ವ್ಯಾಪಾರಿಯನ್ನು ಬೇಡವೆಂದು ಕಳಿಸಿದ. ಆವಿಗೆ ತಣ್ಣಗಿದೆಯೋ ಬಿಸಿಯಿದೆಯೋ ಎಂದು ಒಂದು ಸಲವೂ ಹಿತ್ತಿಲಿಗೆ ಬಂದು ನೋಡಲಿಲ್ಲ. ನೋಡಿದರೆ ಬೂಟು ಕೊಳೆಯಾಗುತ್ತಿತ್ತು.

ನನ್ನ ಅಳಿಯ, ಅದೇ ತಂಗಿಯ ಮಗ, ಒಂದು ಸಂಜೆ ಬಂದು ಜಗಲಿಯಲ್ಲಿ ಕೂತ. ಬೆರಳ ಗೆಣ್ಣಿನಿಂದ ಮಡಕೆಯನ್ನು ತಟ್ಟಿದ. ಸುಟ್ಟ ಮಡಕೆ ಗಂಟೆಯ ಹಾಗೆ ದನಿ ಕೊಡುತ್ತದೆ. ಇದು ಹಲಗೆ ಬಡಿದ ಹಾಗೆ ಸತ್ತ ದನಿ ಕೊಟ್ಟಿತು. ಕುಂಬಾರಗಿತ್ತಿಯ ಮಗ, ಅವನಿಗೆ ಹೇಳಿಕೊಡಬೇಕೆ?

"ಮಾವ, ಆವಿಗೆ ಹಚ್ಚಲ್ವಾ?"

"ಇಲ್ಲ."

"ಹೊಂಡ ಆಗ್ಲಿಲ್ಲ ಅಂದ್ರೆ ಕಂಪನಿ ಮುಳುಗುತ್ತೆ. ನನ್ನ ಕೆಲಸವೂ ಅದ್ರ ಜೊತೆಗೇ."

"ಗೊತ್ತು. ಧಣಿಗೆ ಹೇಳ್ಬೇಕು ಅನ್ಸಿದ್ರೆ ಹೋಗಿ ಹೇಳು. ನಾನು ತಡೆಯಲ್ಲ."

ಅವನು ಮಡಕೆಯನ್ನು ಇದ್ದ ಜಾಗದಲ್ಲೇ ಸರಿಯಾಗಿ ಕೂರಿಸಿದ. "ಊಟಕ್ಕೆ ಬನ್ನಿ, ನನ್ನ ಹೆಂಡ್ತಿ ಕಾಯ್ತಿದಾಳೆ," ಎಂದು ಎದ್ದು ಹೋದ.

ಬ್ಯಾಂಕಿನ ಗಡುವಿನ ದಿನ ಬಂತು. ಬ್ಯಾಂಕಿನಿಂದ ಒಬ್ಬ ಹೆಂಗಸು, ಇಬ್ಬರು ಗಂಡಸರು, ಹಿಂದೆ ಫೋಟೋದವನು. ಟೀ ಅಂಗಡಿಯವನು ಅಂಗಡಿ ಮುಚ್ಚಿಕೊಂಡೇ ಬಂದಿದ್ದ. ಬೀದಿಯವರು ಗೋಡೆಗೊರಗಿ ನಿಂತರು. ಅಳಿಯನೂ ನಿಂತಿದ್ದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಅದು ತೆರೆಯಲಿಲ್ಲ.

ಮಡಕೆಯನ್ನು ಧಣಿಯ ಎರಡೂ ಕೈಗೆ ಕೊಟ್ಟೆ. ಬಿಂದಿಗೆಯಿಂದ ಕಂಠದವರೆಗೆ ನೀರು ಹೊಯ್ದೆ. ಅವನು ಫೋಟೋದವನ ಕಡೆ ತಿರುಗಿ ನಕ್ಕ. ಆ ನಗುವನ್ನು ನಾನು ಅವಸರ ಮಾಡದೆ ನೋಡಿದೆ.

ಮೊದಲು ಮಡಕೆ ನೀರು ಕುಡಿಯಿತು. ಕೆಮ್ಮಣ್ಣು ಅವನ ಬೆರಳ ಸಂದಿಯಲ್ಲಿ ಇಳಿಯಿತು. ನಗು ಅರ್ಧಕ್ಕೆ ನಿಂತಿತು. ಆಮೇಲೆ ತಳ ಮೆತ್ತಗಾಗಿ ಕಳಚಿಕೊಂಡಿತು. ನೀರು, ಕೆಸರು, ಮಡಕೆ ಎಲ್ಲ ಒಂದಾಗಿ ಷರ್ಟಿನಿಂದ ಪ್ಯಾಂಟಿಗೆ, ಪ್ಯಾಂಟಿನಿಂದ ಬಿಳಿ ಬೂಟಿಗೆ ಇಳಿದವು. ಕೈಯಲ್ಲಿ ಕಂಠದ ತುಂಡೊಂದು ಉಳಿಯಿತು.

"ಏನ್ರೀ ಇದು?"

"ಮಣ್ಣು ತಾನೇ ಸ್ವಾಮಿ," ಎಂದೆ. "ತೊಳೆದ್ರೆ ಹೋಗುತ್ತೆ."

ಅವನು ನನ್ನ ಮುಖ ನೋಡಿದ. ಆಗ ಗುರುತು ಸಿಕ್ಕಿತು. ನನಗೆ ಬೇಕಾಗಿದ್ದದ್ದು ಅದೊಂದೇ.

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ," ಎಂದ ಟೀ ಅಂಗಡಿಯವನು. "ಈ ಅಣ್ಣ ಎರಡೂ ತಾನೇ ಇಟ್ಕೊಂಡ."

ಬ್ಯಾಂಕಿನ ಹೆಂಗಸು ನಗಲಿಲ್ಲ. ಸೆರಗಿಗೆ ಸಿಡಿದ ಕೆಸರನ್ನು ಒರೆಸಿಕೊಂಡು ಧಣಿಯನ್ನು ಕೇಳಿದಳು: "ಮಣ್ಣು ಸಿಕ್ಕಿದೆ ಅಂದ್ರಿ?"

"ಬೇರೆ ಕಡೆಯಿಂದ ತರಿಸ್ತೀನಿ. ಇನ್ನೊಂದು ತಿಂಗಳು ಕೊಡಿ."

"ಕಟ್ಟೆ ಗಟ್ಟಿಯಿದೆ ಅಂತಲೂ ನೀವೇ ಹೇಳಿದ್ರಿ," ಎಂದು ಕಾರು ಹತ್ತಿದಳು.

ಮರುದಿನ ಟೀ ಅಂಗಡಿಯವನು ಸಾಲು ಓದಲಿಲ್ಲ, ಕೆಸರು ಮೆತ್ತಿದ ಧಣಿಯ ಫೋಟೋ ಇದ್ದ ಪೇಪರನ್ನೇ ನನ್ನ ಕೈಗೆ ಕೊಟ್ಟ. ಬ್ಯಾಂಕಿನವರು ಕಂಪನಿಯನ್ನು ಹರಾಜಿಗಿಟ್ಟ ಜಾಹೀರಾತು ಬಂದಾಗಲೂ ಹಾಗೇ ಮಾಡಿದ. ಹೊಗೆ ಕೊಳವೆಯನ್ನು ಗುಜರಿಯವರು ತುಂಡು ತುಂಡಾಗಿ ಲಾರಿಗೆ ಹೇರುವುದನ್ನು ನಾನು ದಿಬ್ಬದ ಮೇಲೆ ಕೂತು ಪೂರ್ತಿ ನೋಡಿದೆ.

ಅಳಿಯ ಮನೆ ಖಾಲಿ ಮಾಡಿದ. ಸಾಮಾನು ಕಟ್ಟುತ್ತಲೇ ಹೇಳಿದ: "ಬಾಯಿ ಬಿಟ್ಟಿದ್ರೆ ನನ್ನ ಕೆಲಸ ಉಳೀತಿತ್ತು ಮಾವ. ಬಿಡ್ಲಿಲ್ಲ. ಅಮ್ಮನ ಋಣ ಅಲ್ಲಿಗೆ ತೀರ್ತು. ಇನ್ನು ನನ್ನ ಮಕ್ಕಳ ಹೊಟ್ಟೆ ನೋಡ್ಬೇಕು."

"ನಿಂಗೆ ಸಿಟ್ಟಿದೆಯೇನೋ?"

"ಇದೆ. ಯಾರ ಮೇಲೆ ಅಂತ ಗೊತ್ತಾದ ಮೇಲೆ ಹೇಳ್ತೀನಿ."

ನನ್ನ ಪಾಲಿನ ತಟ್ಟೆಯನ್ನು ಅವನ ಹೆಂಡತಿ ತೊಳೆದು ತಂದು ನಮ್ಮ ಜಗಲಿಯಲ್ಲಿ, ಮಡಕೆ ಇದ್ದ ಜಾಗದಲ್ಲೇ ಇಟ್ಟಳು.

ಬಿಳಿ ಬೂಟಿನವನು ಬಂಗಲೆ ಬಿಟ್ಟು ಹೋದದ್ದು ಮಂಗಳವಾರ. ಅಳಿಯ, ಅವನ ಹೆಂಡತಿ, ಮಕ್ಕಳು ಹೋದದ್ದು ಅದೇ ವಾರದ ಶನಿವಾರ.