ಎದೆಯ ಮೇಲಿನ ಹಡಗು

ನಾನು ಒಂದು ಬಾಗಿಲು. ಅದಕ್ಕೂ ಮೊದಲು ಮಂಜಿಯ ಹಲಗೆಯಾಗಿದ್ದೆ. ಮಂಗಳೂರಿನ ಹಳೇ ಬಂದರಿನಿಂದ ಹೆಂಚು ಹೊತ್ತು ದ್ವೀಪಗಳಿಗೆ ಹೋಗುತ್ತಿದ್ದ ಮರದ ಹಡಗು ಅದು. ಅಳಿವೆಯಲ್ಲಿ ಮಂಜಿ ಒಡೆದಾಗ ಒಡೆಯ ಇದ್ದಿನಬ್ಬ ಸಾಹುಕಾರರು ನನ್ನನ್ನು ಮನೆಗೆ ತಂದರು. ಸುಬ್ರಾಯ ಆಚಾರಿ ನನ್ನನ್ನು ಬಾಗಿಲು ಮಾಡಿ, ಎದೆಯ ಮೇಲೆ ಹಾಯಿ ಬಿಚ್ಚಿದ ಹಡಗೊಂದನ್ನು ಕೆತ್ತಿ, ಕೆಳಗೆ ಇಸವಿ ಕೊರೆದ. ಆಹಾ, ಎಂಥ ಜಂಬ ನನಗೆ! ಬಂದರಿನ ಬೀದಿಯಲ್ಲಿ ಅಂಥ ಬಾಗಿಲು ಇನ್ನೊಂದಿರಲಿಲ್ಲ.

ಸಾಹುಕಾರರು ಹೋದರು, ಮಗನೂ ಹೋದ, ಮನೆ ಮೊಮ್ಮಗಳು ಖೈಜಮ್ಮನ ಕೈಗೆ ಬಂತು. ಅಕ್ಕಿಹಿಟ್ಟಿನ ಪತ್ತಿರಿ ರೊಟ್ಟಿ ಸುಟ್ಟು ಹೋಟೆಲಿಗೆ ಕೊಟ್ಟು ಬದುಕುವ ಹೆಂಗಸು. ದಿನಾ ಹಿಟ್ಟಿನ ಕೈಯಲ್ಲೇ ನನ್ನನ್ನು ತೆರೆಯುತ್ತಿದ್ದಳು. ಆಗ ರಸ್ತೆ ಅಗಲ ಮಾಡುವ ಸುದ್ದಿ ಬಂತು. ನಿಜವಾದ ಹಳೆಯ ಮನೆಗಳನ್ನು ಮಾತ್ರ ಉಳಿಸುತ್ತಾರಂತೆ, ನೋಡಲು ಆಫೀಸರು ಬರುತ್ತಾರಂತೆ. ಖೈಜಮ್ಮನಿಗೆ ಊಟ ಸೇರಲಿಲ್ಲ.

ಅವಳು ಮಾಡಿದ್ದೇನು ಗೊತ್ತೇ? ಪೆರ್ನಾಲ್ ಹಬ್ಬಕ್ಕೆ ನೆಂಟರು ಬರುವಾಗ ಮಾಡುವಂತೆ ಪೇಂಟರನ್ನು ಕರೆದಳು!

“ದೊಡ್ಡ ಜನ ಬರುವಾಗ ಬಾಗಿಲು ಹೀಗಿದ್ದರೆ ಮರ್ಯಾದೆ ಎಂತ ಮಾರಾಯಾ? ಆ ಗುಂಡಿಗಳಿಗೆಲ್ಲ ಪುಟ್ಟಿ ತುಂಬಿಸು. ಹೊಸತರ ಹಾಗೆ ಕಾಣಬೇಕು.”

ಅಯ್ಯೋ ತಾಯಿ, ಅದು ಗುಂಡಿಯಲ್ಲ, ನನ್ನ ಹಡಗು! ಕಿರುಚೋಣವೆಂದರೆ ಬಾಯಿಲ್ಲ. ಕೀಲು ಮಾತ್ರ ಕಿರ್ರೆಂದಿತು. ಅದಕ್ಕೂ ಎಣ್ಣೆ ಬಿಟ್ಟರು.

ಆಫೀಸರು ಬಂದು ನನ್ನನ್ನು ಬೆರಳಿನಿಂದ ತಟ್ಟಿದರು. “ಎಲ್ಲ ಹೊಸದೇ ಇದೆಯಲ್ಲಮ್ಮ. ಹಳೆಯದೆನ್ನಲು ಏನಿದೆ?”

ಖೈಜಮ್ಮನ ಮುಖ ಬಿಳಿಚಿತು. “ಉಂಟು ಸರ್, ಅಡಿಯಲ್ಲಿ ಹಡಗು ಉಂಟು! ಇಸವಿ ಸಹ ಉಂಟು! ಸ್ವಲ್ಪ ನಿಲ್ಲಿ!” ಅಂದವಳೇ ಅಡುಗೆಮನೆಗೆ ಓಡಿ ಚೂರಿ ತಂದು ನನ್ನನ್ನು ಕೆರೆಯತೊಡಗಿದಳು. ನೋವಾಗಲಿಲ್ಲವೆಂದರೆ ಸುಳ್ಳು. ಆದರೂ ಕೆರೆ ಮಗಳೇ, ಬೇಗ ಕೆರೆ ಎಂದು ಒದ್ದಾಡಿದೆ. ಹಾಯಿಯ ತುದಿ ಕಾಣುವಷ್ಟರಲ್ಲಿ ಆಫೀಸರ ಜೀಪು ತಿರುವು ದಾಟಿತ್ತು. ಅವಳು ನನಗೆ ಹಣೆ ಒತ್ತಿ ಅತ್ತಳು. ಆಮೇಲೆ ಎಷ್ಟು ಸಲ ಕಚೇರಿಗೆ ಅಲೆದರೂ ಯಾರೂ ತಿರುಗಿ ನೋಡಲು ಬರಲಿಲ್ಲ.

ಮನೆ ಬಿತ್ತು. ಖೈಜಮ್ಮ ಎಲ್ಲಿಗೆ ಹೋದಳೋ ನನಗೆ ತಿಳಿಯದು. ನಾನು ಗುಜರಿ ಅಂಗಡಿಯ ಗೋಡೆಗೆ ಒರಗಿದ್ದೇನೆ. ಗುಜರಿಯವ ಪೇಂಟನ್ನೆಲ್ಲ ಉಜ್ಜಿ ತೆಗೆದಿದ್ದಾನೆ. “ಹಡಗು ನೋಡಿ ಸರ್, ಇಸವಿ ಓದಿ. ಇದು ಒರಿಜಿನಲ್ ಹಳೆಯದು” ಎಂದು ಬಂದವರಿಗೆಲ್ಲ ತೋರಿಸುತ್ತಾನೆ. ಎಲ್ಲರೂ ಒಂದೇ ನೋಟಕ್ಕೆ ನಂಬುತ್ತಾರೆ.

ಈಗ ನಂಬಿ ಯಾರಿಗೇನು? ನನ್ನ ಹಿಂದೆ ಮನೆಯಿಲ್ಲ. ನನ್ನನ್ನು ಎಳೆದು ತೆರೆಯುವ ಹಿತ್ತಾಳೆ ಬಳೆಯ ಸಂದಿಯಲ್ಲಿ ಅವಳ ಕೈಯ ಹಿಟ್ಟು ಮಾತ್ರ ಇನ್ನೂ ಅಂಟಿಕೊಂಡಿದೆ.