ರೇಡಿಯೇಟರ್ ಮುಂದಿನ ರಟ್ಟು

ಮಾವನವರಿಗೆ ಗ್ಯಾರೇಜಿನ ಬಾಗಿಲ ಪಕ್ಕದ ಕುರ್ಚಿಯೇ ಗತಿಯಾಗಿ ನಾಲ್ಕು ತಿಂಗಳಾಗಿತ್ತು. ಸೊಂಟ ಕೈಕೊಟ್ಟದ್ದೇ ತಡ, ಮಗಳು ಅವರ ಕೈಯಿಂದ ಸ್ಪ್ಯಾನರ್ ಕಿತ್ತು ತನ್ನ ಗಂಡನಿಗೆ ಕೊಟ್ಟಿದ್ದಳು. ಬಗ್ಗುವಂತಿಲ್ಲ, ಮುಟ್ಟುವಂತಿಲ್ಲ. ಅದನ್ನೆಲ್ಲ ಅವರು ಹೇಗೋ ನುಂಗಿಕೊಂಡಿದ್ದರು. ಆದರೆ ಇಷ್ಟು ದಿನದಲ್ಲಿ ಅಳಿಯ ಒಂದೇ ಒಂದು ಸಲವೂ ಅವರ ಅಭಿಪ್ರಾಯ ಕೇಳಿರಲಿಲ್ಲ. ಅದು ಮಾತ್ರ ಗಂಟಲಿಂದ ಕೆಳಗೆ ಇಳಿದಿರಲಿಲ್ಲ.

ಆ ಬೆಳಿಗ್ಗೆ ದಂತವೈದ್ಯೆಯೊಬ್ಬರ ಕಾರು ಬುಸುಗುಡುತ್ತ ಬಂತು. ಅಳಿಯ ಪೈಪುಗಳನ್ನು ಮುಟ್ಟಿ ನೋಡಿದ. ಮೇಲಿನದು ಸುಡುತ್ತಿತ್ತು, ಕೆಳಗಿನದು ತಣ್ಣಗಿತ್ತು. ಎಂಜಿನ್ ಆರುವವರೆಗೆ ಕಾದು, ನೀರಿಗೆ ಅಡ್ಡ ಕೂತಿದ್ದ ಥರ್ಮೋಸ್ಟಾಟ್ ಬದಲಾಯಿಸಿದ. ತಪ್ಪು ಹುಡುಕಲು ಮಾವನಿಗೆ ಎಳ್ಳಷ್ಟೂ ಜಾಗ ಬಿಡಲಿಲ್ಲ, ದುಷ್ಟ.

ಅವನು ಕೂಲೆಂಟ್ ತರಲು ಆಚೆ ಹೋದಾಗ ಮಾವ ಎದ್ದರು. ಮೂಲೆಯ ರಟ್ಟಿನ ಪೆಟ್ಟಿಗೆಯೊಂದನ್ನು ಚಪ್ಪಟೆ ಮಾಡಿ, ಸೊಂಟ ಬಗ್ಗಿಸಿ, ಗಾಳಿ ಆಡದಂತೆ ರೇಡಿಯೇಟರಿನ ಮುಂದೆ ತುರುಕಿ, ಏನೂ ಅರಿಯದವರಂತೆ ಬಂದು ಪೇಪರ್ ಬಿಡಿಸಿದರು.

ಎಂಜಿನ್ ಶುರುವಾದ ಸ್ವಲ್ಪ ಹೊತ್ತಿಗೆ ಬಿಸಿಯ ಮುಳ್ಳು ಮತ್ತೆ ಮೇಲೇರಿತು. ಅಳಿಯ ಎಂಜಿನ್ ಆರಿಸಿ ಫ್ಯಾನ್ ನೋಡಿದ, ಬೆಲ್ಟ್ ನೋಡಿದ, ತಲೆ ಕೆರೆದುಕೊಂಡ. ಊಟದ ಹೊತ್ತು ಮೀರಿತು. ಪೇಪರ್ ಹಿಂದೆ ಮಾವನವರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಕೊನೆಗೆ ಅಳಿಯ ಕೈ ಒರೆಸಿಕೊಳ್ಳುತ್ತ ಬಂದ. "ಮಾವ, ನಂಗೇನೂ ಹೊಳೀತಿಲ್ಲ. ನೀವೊಂದ್ಸಲ ನೋಡ್ತೀರಾ?"

ಮಾವ ಅವಸರ ಮಾಡಲಿಲ್ಲ. ಪೇಪರ್ ಮಡಿಸಿ, ಕನ್ನಡಕ ಒರೆಸಿ, ಕಾರಿಗೆ ಒಂದು ಸುತ್ತು ಬಂದು, ಗಾಳಿ ಆಡುತ್ತಿಲ್ಲವೆಂದು ಗಂಭೀರವಾಗಿ ತೀರ್ಪು ಕೊಟ್ಟರು. ಅಳಿಯನನ್ನು ಟಾರ್ಚ್ ತರಲು ಅಟ್ಟಿ ಸರಕ್ಕನೆ ಕೈ ಹಾಕಿದರು. ಒಳಗೆ ರಟ್ಟೇ ಇರಲಿಲ್ಲ.

ತಿರುಗಿ ನೋಡಿದರೆ, ಅಳಿಯನ ಕೈಯಲ್ಲಿ ಟಾರ್ಚಿನ ಬದಲು ಅದೇ ಇತ್ತು. ಅದರ ಮೇಲೆ ಮಗಳ ದಪ್ಪ ಅಕ್ಷರ: 'ಅಪ್ಪನ ಸೊಂಟದ ಪಟ್ಟಿ. ಬಗ್ಗಬಾರದು.'

ಮಾವನ ಕಿವಿ ಕೆಂಪಾಯಿತು. ಗೊತ್ತಿದ್ದೂ ಯಾಕೆ ಕೇಳಿದಿರೆಂದು ಗದರಿದರು.

"ಕೇಳಿದ್ರೆ ನೀವು ಎದ್ದು ಬಂದು ಬಗ್ತೀರ ಅಂತ ಇಷ್ಟು ದಿನ ಕೇಳ್ಲಿಲ್ಲ ಮಾವ. ಕೇಳ್ದಿದ್ರೂ ಬಗ್ತೀರ ಅಂತ ಇವತ್ತು ಗೊತ್ತಾಯ್ತು," ಎಂದ ಅಳಿಯ. ಆಮೇಲೆ ಮಾವನ ಕುರ್ಚಿಯನ್ನು ಎತ್ತಿ ತಂದು, ಮೂರು ದಿನದಿಂದ ಬಾಯಿ ತೆರೆದು ನಿಂತಿದ್ದ ನೀಲಿ ವ್ಯಾನಿನ ಮುಂದೆ ಇಟ್ಟ. "ಇದ್ರದ್ದು ನಿಜವಾಗ್ಲೂ ಹೊಳೀತಿಲ್ಲ. ನೀವು ಹೇಳಿ, ನಾನು ಬಗ್ತೀನಿ."

ಮಾವನಿಗೆ ಕಣ್ಣು ತುಂಬಿ ಬಂತು. ಕೂತು, ಮೂಗು ಒರೆಸಿಕೊಂಡು, ಮೊದಲ ಅಪ್ಪಣೆ ಕೊಟ್ಟರು.

"ಮೊದ್ಲು ಆ ರಟ್ಟು ಸುಟ್ಟು ಹಾಕಿ. ಮಗಳು ಬರೋ ಹೊತ್ತಾಯ್ತು."