ವರ್ಷ ಕಾದ ಜಡ್ಡು

ಅಮ್ಮ ತೀರಿಕೊಂಡು ವರ್ಷ ತುಂಬಲು ಎರಡು ದಿನ ಉಳಿದಿತ್ತು. ವರ್ಷ ತುಂಬಿದ ದಿನ ಹುಬ್ಕಾಸ್. ಅಂದು ಕಪ್ಪು ಬಟ್ಟೆ ಕಳಚಿ, ಪ್ರಾರ್ಥನೆ ಮುಗಿಸಿ, ಮನೆಯೊಳಗೆ ಮತ್ತೆ ಹಾಡನ್ನು ಕರೆದುಕೊಳ್ಳುತ್ತೇವೆ. ಅಲ್ಲಿಯವರೆಗೆ ಒಂದು ತಂತಿಯೂ ಮಿಡಿಯಬಾರದು. "ಅವತ್ತು ಮೊದ್ಲು ನುಡ್ಸೋರು ನೀವೇ ಆಗ್ಬೇಕು" ಎಂದು ಅಮ್ಮ ಹಾಸಿಗೆ ಹಿಡಿದಾಗಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು.

ನನಗೆ ಚಿಂತೆ ಅಪ್ಪನ ಬೆರಳುಗಳದ್ದು. ಮಕ್ತಾನ್ ದ್ವೀಪದ ನಮ್ಮ ಓಣಿಯಲ್ಲಿ ಹಲಸಿನ ಮರದ ಗಿಟಾರು ಮಾಡದ ಮನೆಯಿಲ್ಲ. ಅವನ್ನೆಲ್ಲ ನುಡಿಸಿ ನೋಡಿ ಸೈ ಅನ್ನುವ ಕೆಲಸ ನಲವತ್ತು ವರ್ಷ ಅಪ್ಪನದೇ. ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿಗೆ ಕಟ್ಟಿದ ಜಡ್ಡನ್ನು ಸಾಕಿದಷ್ಟು ಅಕ್ಕರೆಯಿಂದ ಅವರು ನನ್ನನ್ನೂ ಸಾಕಲಿಲ್ಲ. ಮೆತ್ತಗಾಗುತ್ತದೆಂದು ಪಾತ್ರೆ ತೊಳೆಯರು. ಎದ್ದ ಸಿಪ್ಪೆ ಕಿತ್ತರೆ ಬುಡಸಮೇತ ಬರುತ್ತದೆಂದು ಮರ ಉಜ್ಜುವ ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕುವರು. ನುಡಿಸಿ ಬಿಸಿಯಾದ ಕೈಗೆ ನೀರು ತಾಕಿದರೆ ಪಾಸ್ಮೊ ಎಂಬ ಬೇನೆ ಹಿಡಿದು ನಡುಕ ಬರುತ್ತದೆಂಬ ಭಯ ಬೇರೆ. "ಸೋಮಾರಿಗೆ ನೂರು ನೆಪ" ಎಂದು ಅಮ್ಮ ತಾನೇ ಪಾತ್ರೆ ಬೆಳಗುತ್ತಿದ್ದಳು.

ವರ್ಷವಿಡೀ ತಂತಿ ಮುಟ್ಟದ ಜಡ್ಡು ಉಳಿದೀತೇ? ಮೊದಲ ಸಾಲಿಗೇ ರಕ್ತ ಬಂದರೆ? ತಡೆಯಲಾರದೆ ಅಪ್ಪನ ಕೈ ಎಳೆದು ನೋಡಿದೆ. ಜಡ್ಡು ಮೊದಲಿನಷ್ಟೇ ಗಟ್ಟಿಯಾಗಿತ್ತು.

ಬಿಕೊ ಎಂಬ ಅಂಟಕ್ಕಿಯ ಸಿಹಿಗೆ ತೆಂಗಿನಕಾಯಿ ತುರಿಯುತ್ತಿದ್ದ ತೊಮಾಸಾ ಚಿಕ್ಕಮ್ಮ ಕತ್ತು ಚಾಚಿ ನೋಡಿದಳು. ಅಮ್ಮನ ತಂಗಿ, ಪ್ರಾರ್ಥನೆ ನಡೆಸುವವಳು. ಅವಳಿಗೂ ಅಪ್ಪನಿಗೂ ಎಣ್ಣೆ ಸೀಗೇಕಾಯಿ.

"ನುಡ್ಸಿದೀರಿ ಬಾವ! ವರ್ಷ ತುಂಬೋ ತನಕ ತಡ್ಕೊಳ್ಳೋಕಾಗ್ಲಿಲ್ವಾ ನಿಮ್ಗೆ?"

"ಇಲ್ಲ ತೊಮಾಸಾ. ದಿನಾ ಮಧ್ಯಾಹ್ನ ಎಡಗೈಲಿ ತಂತಿ ಬರೀ ಒತ್ತಿದೀನಿ, ಅಷ್ಟೆ. ಬಲಗೈ ತಂತಿ ಮುಟ್ಟಿಲ್ಲ."

"ಕಿವಿಗೆ ಹೂ ಇಡ್ಬೇಡಿ. ಸದ್ದಿಲ್ದೆ ಗಿಟಾರ್ ನುಡ್ಸೋರನ್ನ ನಾನೆಲ್ಲೂ ಕಂಡಿಲ್ಲ. ನಮ್ಮಕ್ಕನಿಗೋಸ್ಕರ ಪ್ರಾರ್ಥನೆ ಹೇಳ್ತೀನಿ. ನೀವು ಗಿಟಾರ್ ಎತ್ತಿದ್ರೋ, ಎದ್ದು ಹೋಗ್ತೀನಿ. ಮತ್ತೆ ಈ ಹೊಸಿಲು ತುಳಿಯಲ್ಲ."

ನನಗೂ ಅನುಮಾನ ಬಂತು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮಧ್ಯಾಹ್ನ ನಾನು ಗಿಟಾರಿಗೆ ಮೆರುಗು ಹಚ್ಚುವ ಕೆಲಸಕ್ಕೆ ಹೋಗಿರುತ್ತೇನೆ, ಮನೆಯಲ್ಲಿ ಅಪ್ಪ ಒಬ್ಬರೇ. "ನಿಜ ಹೇಳಿ ಅಪ್ಪ" ಎಂದುಬಿಟ್ಟೆ. ಅಪ್ಪ ಕೈ ಹಿಂದಕ್ಕೆಳೆದುಕೊಂಡರು. ಎರಡು ದಿನ ನನ್ನ ಮುಖ ನೋಡಲಿಲ್ಲ.

ಹುಬ್ಕಾಸಿನ ದಿನ ಪ್ರಾರ್ಥನೆ ಮುಗಿಯಿತು. ಅಪ್ಪ ಗಿಟಾರು ಎತ್ತಿಕೊಂಡರು. ಚಿಕ್ಕಮ್ಮ ಜಪಮಾಲೆ ಮುಷ್ಟಿಯಲ್ಲಿ ಹಿಡಿದು ಎದ್ದು ಬಾಗಿಲಿಗೆ ನಡೆದಳು.

ಅಮ್ಮನಿಗೆ ಇಷ್ಟವಾದ ಹಾಡು. ಎಡಗೈ ಬೆರಳುಗಳು ಒಂದೂ ತಪ್ಪದೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಬಲಗೈ ಮಾತ್ರ ತಡವರಿಸಿತು. ಹೆಬ್ಬೆರಳು ಬೇರೆ ತಂತಿಗೆ ಬಿತ್ತು, ತೋರುಬೆರಳು ತಡವಾಗಿ ಬಂತು. ಸಾವಿರಾರು ಗಿಟಾರು ನುಡಿಸಿದವರು ಮೊದಲ ಪಾಠದ ಮಗುವಿನ ಹಾಗೆ ಎಡವಿದರು. ನೆರೆಯವರು ಮುಜುಗರಪಟ್ಟು ನೆಲ ನೋಡಿದರು. ಕದ್ದು ನುಡಿಸುತ್ತಿದ್ದ ಕೈ ಹೀಗೆ ಎಡವುವುದಿಲ್ಲ. ಅಪ್ಪ ದಿನವೂ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒತ್ತಿದ್ದರು, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಚಿಕ್ಕಮ್ಮನೂ ಈ ಓಣಿಯಲ್ಲೇ ಹುಟ್ಟಿದವಳು, ಯಾವ ಕೈಗೆ ಅಭ್ಯಾಸ ತಪ್ಪಿದೆಯೆಂದು ಅವಳಿಗೂ ತಿಳಿಯುತ್ತದೆ. ಹೊಸಿಲ ಮೇಲೆ ನಿಂತವಳು ತಿರುಗಿ ಬಂದು ಅಪ್ಪನ ಎದುರಿಗೇ ಕೂತಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಮೊದ್ಲಿಂದ ನುಡ್ಸಿ ಬಾವ. ತಪ್ಪಾದ್ರೆ ಆಗ್ಲಿ. ಅಕ್ಕ ಎಲ್ಲಿಗೂ ಹೋಗಲ್ಲ."

ಅಪ್ಪ ಮೂರು ಸಲ ನುಡಿಸಿದರು. ಮೂರು ಸಲವೂ ತಪ್ಪಿತು.

ಊಟವಾದ ಮೇಲೆ ಅವರು ತಮ್ಮ ತಟ್ಟೆ ಹಿಡಿದು ನಲ್ಲಿಯ ಕಡೆ ಹೊರಟರು. ಅಮ್ಮ ಹೋದ ಮೇಲೆ ತೊಳೆದುಕೊಡುತ್ತಿದ್ದುದು ನಾನು, ಮುನಿಸಿನಲ್ಲಿ ಇವತ್ತು ನನ್ನ ಕೈಗೆ ಕೊಡಲಿಲ್ಲ. ಕ್ಷಮಿಸಿ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಓಡಿಬಂದು ತಟ್ಟೆ ಕಿತ್ತುಕೊಂಡಳು.

"ಈ ಕೈಗೆ ನೀರು ತಾಕ್ಸಿದ್ರೆ ನೋಡಿ ಮತ್ತೆ!"